ಸಾಹೇಬರ ಸಿಟ್ಟು, ರೈತನ ಬಸ್ ಚಾರ್ಜು



ಸವಣೂರು, ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರು ಈ ನಾಲ್ಕೂ ಕಡೆಯ ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾದವನು ನಾನು. ಒಂದು ದಿನ ಸಾಹೇಬರು ರೈತರೆದುರೇ ಕಡತ ಎಸೆದು, ‘ತಲ್ಯಾಗ ಏನ್ ತುಂಬ್ಕೊಂಡೀಯೋ?’ ಎಂದರು. ಮಧ್ಯಾಹ್ನದವರೆಗೂ ಕೈ ನಡುಗುತ್ತಿತ್ತು. ಅವತ್ತೇ ಒಬ್ಬ ರೈತನ ಸರ್ವೆ ನಂಬರಿನಲ್ಲಿ ಎರಡು ಅಂಕಿ ಅದಲು ಬದಲಾಗಿ ಬರೆದೆ. ಅದನ್ನು ಸರಿಪಡಿಸಿಕೊಳ್ಳಲು ಆತ ಮೂರು ಸಲ ಬಸ್ ಚಾರ್ಜು ಕೊಟ್ಟು ಬಂದ. ಬೈಸಿಕೊಂಡವನು ನಾನು, ದಂಡ ತೆತ್ತವನು ಅವನು.

ಬೈಸಿಕೊಂಡ ಮೇಲೆ ಕೆಲಸದಲ್ಲಿ ತಪ್ಪುವುದು ನನ್ನೊಬ್ಬನ ದೌರ್ಬಲ್ಯವೆಂದೇ ತಿಳಿದಿದ್ದೆ. ಆದರೆ 2015ರಲ್ಲಿ ಇಸ್ರೇಲಿನಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳ 24 ತಂಡಗಳ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಅಣಕು ಚಿಕಿತ್ಸೆಯ ಹೊತ್ತಿನಲ್ಲಿ ಹೀಯಾಳಿಕೆಯ ಮಾತು ಕೇಳಿಸಿಕೊಂಡ ವೈದ್ಯರು, ದಾದಿಯರು ರೋಗ ಗುರುತಿಸುವುದರಲ್ಲೂ ಚಿಕಿತ್ಸೆಯಲ್ಲೂ ಹಿಂದೆ ಬಿದ್ದರು. ಒಬ್ಬರನ್ನೊಬ್ಬರು ಕೇಳುವುದನ್ನೇ ಕಡಿಮೆ ಮಾಡಿದ್ದರಂತೆ. ನಾನೂ ಅಷ್ಟೆ. ಅನುಮಾನ ಬಂದರೂ ಸಾಹೇಬರ ಕೋಣೆಗೆ ಹೋಗುತ್ತಿರಲಿಲ್ಲ.

ಬೈಯುವುದರಲ್ಲಿ ಸಾರ್ವಜನಿಕರೂ ಕಮ್ಮಿಯಿಲ್ಲ ಬಿಡಿ. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ತುಂಬಿ ತುಳುಕುವ ಬಸ್ಸಿನಲ್ಲಿ ಕಂಡಕ್ಟರ್ ಕೇಳಿಸಿಕೊಳ್ಳುವ ಮಾತುಗಳನ್ನು ಇಲ್ಲಿ ಬರೆಯಲಾಗದು.

ಸರ್ಕಾರಿ ಸೇವೆಗಳ ಸಕಾಲ ಕಾಯ್ದೆಯಲ್ಲಿ ಅರ್ಜಿ ವಿಲೇವಾರಿಗೆ ದಿನಗಳ ಗಡುವಿದೆ. ಹಾಗೆಯೇ ಸಾಹೇಬರ ಮಾತಿಗೂ ಒಂದು ಮಿತಿ ಇರಲಿ: ಕೈಕೆಳಗಿನವರನ್ನು ಬೈಯುವುದಿದ್ದರೆ ಕೋಣೆಯೊಳಗೆ, ಏಕವಚನ ಬಿಟ್ಟು, ತಪ್ಪನ್ನಷ್ಟೇ ಹೇಳಬೇಕೆಂದು ಜಿಲ್ಲಾಡಳಿತ ಒಂದು ಸುತ್ತೋಲೆಯನ್ನಾದರೂ ಹೊರಡಿಸಲಿ.

– ನಿವೃತ್ತ ಗುಮಾಸ್ತ, ಹಿರೇಕೆರೂರು