ಸದನಕ್ಕೆ ರಜೆ ಕೊಡುವ ಪದ ‘ಪ್ರೊರೋಗ್’

ಹಬ್ಬದ ದಿನ ಮಾತ್ರ ಪೆಟ್ಟಿಗೆಯಿಂದ ಹೊರಬರುವ ಜರಿಪೇಟದಂತೆ ಕೆಲವು ಇಂಗ್ಲಿಷ್ ಪದಗಳು ವಿಶೇಷ ಸಂದರ್ಭಗಳಲ್ಲಷ್ಟೇ ಕಾಣಿಸಿಕೊಳ್ಳುತ್ತವೆ. ‘ಪ್ರೊರೋಗ್’ ಎಂಬ ಕ್ರಿಯಾಪದ ಅಂಥದ್ದು. ಇದರ ಕೊನೆಯ ‘ಯು’ ಮತ್ತು ‘ಇ’ ಅಕ್ಷರಗಳಿಗೆ, ‘ಲೀಗ್’ ಪದದಲ್ಲಿರುವಂತೆಯೇ, ಉಚ್ಚಾರವಿಲ್ಲ. ನಾಮಪದ ‘ಪ್ರೊರೊಗೇಷನ್’. ಶಾಸನಸಭೆಯನ್ನು ವಿಸರ್ಜಿಸದೆ, ಅದರ ಒಂದು ಅಧಿವೇಶನವನ್ನು ಮಾತ್ರ ಅಧಿಕೃತವಾಗಿ ಮುಗಿಸುವುದು ಎಂಬುದು ಇದರ ಅರ್ಥ.

ಪದದ ಮೂಲ ಲ್ಯಾಟಿನ್ ಭಾಷೆಯದು. ‘ರೊಗಾರೆ’ ಎಂದರೆ ಕೇಳು. ಪ್ರಶ್ನಿಸು ಎಂಬರ್ಥದ ‘ಇಂಟೆರೊಗೇಟ್’ ಪದವೂ ಇದೇ ಬೇರಿನದು. ಪ್ರಾಚೀನ ರೋಮ್‌ನಲ್ಲಿ ಅಧಿಕಾರಿಯೊಬ್ಬನ ಅವಧಿಯನ್ನು ಮುಂದುವರಿಸುವುದಕ್ಕೆ ಈ ಪದ ಬಳಕೆಯಲ್ಲಿತ್ತು. ಮುಂದುವರಿಸು ಎಂಬುದು ಕಾಲಕ್ರಮದಲ್ಲಿ ಮುಂದಕ್ಕೆ ಹಾಕು ಎಂದಾಯಿತು. ಕೊನೆಗೆ ಅಧಿವೇಶನ ಮುಗಿಸು ಎಂಬಲ್ಲಿಗೆ ಬಂದು ನಿಂತಿತು. ಪದಗಳೂ ಊರು ಬಿಟ್ಟು ಊರಿಗೆ ಹೋದಾಗ ಕಸುಬು ಬದಲಿಸುತ್ತವೆ!

ಪೌರನೀತಿಯ ಪಾಠದಲ್ಲಿ ಮೂರು ಪದಗಳು ಮಕ್ಕಳನ್ನು ಗೊಂದಲಕ್ಕೆ ಕೆಡವುವುದುಂಟು: ‘ಅಡ್ಜರ್ನ್’, ‘ಪ್ರೊರೋಗ್’ ಮತ್ತು ‘ಡಿಸಾಲ್ವ್’. ಶಾಲೆಯನ್ನೇ ಉದಾಹರಣೆಯಾಗಿ ನೋಡೋಣ. ಊಟದ ಗಂಟೆ ಬಾರಿಸಿದರೆ ಅದು ‘ಅಡ್ಜರ್ನ್’. ಸ್ವಲ್ಪ ಹೊತ್ತಿನ ಮೇಲೆ ಅದೇ ತರಗತಿ ಮತ್ತೆ ಕೂರುತ್ತದೆ. ದಸರಾ ರಜೆಗೆ ಶಾಲೆ ಮುಚ್ಚಿದರೆ ಅದು ‘ಪ್ರೊರೋಗ್’; ಅವಧಿ ಮುಗಿಯಿತು, ಆದರೆ ವಿದ್ಯಾರ್ಥಿಗಳು ಅವರೇ. ವರ್ಷ ಮುಗಿದು ಆ ತರಗತಿಗೆ ಹೊಸಬರು ಸೇರಿದರೆ ಅದು ‘ಡಿಸಾಲ್ವ್’. ನೀರಿನಲ್ಲಿ ಕರಗಿದ ಉಪ್ಪನ್ನು ನೀರು ಆವಿಯಾಗಿಸಿ ಮರಳಿ ಪಡೆಯಬಹುದು. ವಿಸರ್ಜನೆಯಾದ ಲೋಕಸಭೆಯನ್ನು ಹಾಗೆ ಮರಳಿ ಪಡೆಯಲಾಗದು. ಚುನಾವಣೆಯೇ ನಡೆಯಬೇಕು.

ಈ ಕೆಲಸಗಳನ್ನು ಮಾಡುವವರು ಯಾರು ಎಂಬುದೂ ಮುಖ್ಯ. ಲೋಕಸಭೆಯ ಕಲಾಪವನ್ನು ಮುಂದೂಡುವವರು ಸ್ಪೀಕರ್. ಅಧಿವೇಶನವನ್ನು ‘ಪ್ರೊರೋಗ್’ ಮಾಡುವವರು ರಾಷ್ಟ್ರಪತಿ. ಇದು ಸಂವಿಧಾನದ 85ನೇ ವಿಧಿ. ರಾಜ್ಯ ವಿಧಾನಮಂಡಲಕ್ಕೆ 174ನೇ ವಿಧಿಯಂತೆ ರಾಜ್ಯಪಾಲರು. ಆದ್ದರಿಂದ ‘ದಿ ಸ್ಪೀಕರ್ ಪ್ರೊರೋಗ್ಡ್ ದಿ ಹೌಸ್’ ಎಂಬ ವಾಕ್ಯ ವ್ಯಾಕರಣದ ದೃಷ್ಟಿಯಿಂದ ಸರಿ, ವಿಷಯದ ದೃಷ್ಟಿಯಿಂದ ತಪ್ಪು.

ರಜೆಗೆ ಮುನ್ನ ಅರ್ಧಕ್ಕೆ ನಿಂತ ಪಾಠ ರಜೆಯ ನಂತರ ಮುಂದುವರಿಯುವಂತೆ, ನಮ್ಮ ಸಂಸತ್ತಿನಲ್ಲಿ ಬಾಕಿ ಇರುವ ಮಸೂದೆ ‘ಪ್ರೊರೊಗೇಷನ್’ನಿಂದ ಬಿದ್ದುಹೋಗುವುದಿಲ್ಲ, 107ನೇ ವಿಧಿ ಅದನ್ನು ಕಾಪಾಡುತ್ತದೆ. ಬ್ರಿಟನ್ನಿನಲ್ಲಾದರೋ ಮುಂದಿನ ಅಧಿವೇಶನಕ್ಕೆ ಒಯ್ಯಲು ಪ್ರತ್ಯೇಕ ಒಪ್ಪಿಗೆ ಪಡೆಯದ ಸರ್ಕಾರಿ ಮಸೂದೆ ಅಲ್ಲಿಗೇ ಮುಗಿಯುತ್ತದೆ. ಪದ ಒಂದೇ, ಪರಿಣಾಮ ಬೇರೆ.

ಇದು ಬರಿಯ ನಿಘಂಟಿನ ವಿಚಾರವಲ್ಲ ಎಂಬುದು 2019ರಲ್ಲಿ ಲಂಡನ್ನಿನಲ್ಲಿ ಗೊತ್ತಾಯಿತು. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡಲು ಆಗ ಗೊತ್ತಾಗಿದ್ದ ಗಡುವು ಅಕ್ಟೋಬರ್ 31. ಪ್ರಧಾನಿ ಬೋರಿಸ್ ಜಾನ್ಸನ್ ಅವರ ಸಲಹೆಯಂತೆ ರಾಣಿ ಎರಡನೇ ಎಲಿಜಬೆತ್ ಅನುಮತಿ ನೀಡಿದರು. ಸಂಸತ್ತಿನ ಬಾಗಿಲು ಸೆಪ್ಟೆಂಬರ್ 10ರಂದು ಮುಚ್ಚಿತು, ಅಕ್ಟೋಬರ್ 14ರ ತನಕ. ಇಷ್ಟು ಮಹತ್ವದ ವಾರಗಳಲ್ಲಿ ಜನಪ್ರತಿನಿಧಿಗಳು ಸರ್ಕಾರವನ್ನು ಪ್ರಶ್ನಿಸುವುದಾದರೂ ಎಲ್ಲಿ? ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಸೆಪ್ಟೆಂಬರ್ 24ರಂದು ಅಲ್ಲಿನ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರು ಒಮ್ಮತದಿಂದ ತೀರ್ಪು ನೀಡಿದರು: ಸೂಕ್ತ ಕಾರಣವಿಲ್ಲದೆ ಸಂಸತ್ತಿನ ಕೆಲಸಕ್ಕೆ ಅಡ್ಡಿಯಾದ ಈ ಕ್ರಮ ಕಾನೂನುಬಾಹಿರ, ಆದ್ದರಿಂದ ಅದು ನಡೆದೇ ಇಲ್ಲ! ಮರುದಿನವೇ ಸದನ ಕೂಡಿತು.

ನಮ್ಮಲ್ಲಿಯೂ ಈ ಪದಕ್ಕೆ ತೂಕವಿದೆ. ಸಂಸತ್ತಿನ ಎರಡೂ ಸದನಗಳ ಅಧಿವೇಶನ ನಡೆಯುತ್ತಿರುವಾಗ ರಾಷ್ಟ್ರಪತಿ ಸುಗ್ರೀವಾಜ್ಞೆ ಹೊರಡಿಸುವಂತಿಲ್ಲ. ಹಾಗಾಗಿ ಅಧಿವೇಶನ ಮುಗಿದ ದಿನಾಂಕ ಪತ್ರಿಕೆಯ ಮೂಲೆಯ ಸುದ್ದಿಯಾದರೂ ಗಮನಿಸತಕ್ಕದ್ದು.

ಬಳಕೆಯಲ್ಲಿ ಒಂದು ಎಚ್ಚರ. ಸಂಘದ ಸಭೆ, ಮದುವೆ, ಪರೀಕ್ಷೆಗಳಿಗೆ ಈ ಪದ ಹೊಂದದು. ಅವುಗಳಿಗೆ ‘ಪೋಸ್ಟ್‌ಪೋನ್’ ಸಾಕು. ‘ದಿ ಗವರ್ನರ್ ಪ್ರೊರೋಗ್ಡ್ ದಿ ಅಸೆಂಬ್ಲಿ’ ಎಂಬುದು ಸರಿಯಾದ ಪ್ರಯೋಗ. ಮುಂದಿನ ಬಾರಿ ವಿಧಾನಸಭೆಯ ಅಧಿವೇಶನ ಮುಗಿದ ಸುದ್ದಿ ಬಂದಾಗ ಮನೆಯಲ್ಲಿ ತಂದೆತಾಯಿ ಮಕ್ಕಳನ್ನು ಕೇಳಬಹುದು: ಆದದ್ದು ಈ ಮೂರರಲ್ಲಿ ಯಾವುದು, ಮಾಡಿದವರು ಯಾರು?