ಆಲ್‌ರೌಂಡರ್ ಅಂತ ಹೊಗಳಿದ್ದು ಸಾಕು, ಲೆಕ್ಕ ಇಡಿ

1/7

ಮೊದಲ ಫೋಟೋ ನನ್ನ ನೀ ಕ್ಯಾಪ್. ಎರಡನೇ ಫೋಟೋ ತಂಗಿಯ ಶೂ. ಇರೋದು ಒಂದೇ ಜೊತೆ, ಅದರಲ್ಲೇ ವಾಲಿಬಾಲ್, ಅದರಲ್ಲೇ ಹೈಜಂಪ್.

ತಂಗಿ 8ನೇ ಕ್ಲಾಸ್. ಕಳೆದ ವಾರ ವಾಲಿಬಾಲ್ ಕಲಿಸುವವರು ಹೇಳಿ ಕಳಿಸಿದ್ರು: ಅಥ್ಲೆಟಿಕ್ಸ್ ಬಿಟ್ಟರೆ ಮಾತ್ರ ಟೀಮಲ್ಲಿ ಜಾಗ, ಸೋಮವಾರದೊಳಗೆ ತೀರ್ಮಾನ ಹೇಳಬೇಕು. ಅಪ್ಪಯ್ಯ ಚಾ ಕುಡೀತಾ, "ಎರಡ್ ದೋಣಿ ಮೇಲೆ ಕಾಲ್ ಇಟ್ರೆ ಹೊಳಿಗ್ ಬೀಳುದೇ ಸೈ" ಅಂದ್ರು. ಅಮ್ಮ ನನ್ನ ಮುಖ ನೋಡಿದ್ರು. ಮನೆಯಲ್ಲಿ ಆಟ ಆಡಿ ಬಿದ್ದವಳು ನಾನೇ ಅಲ್ವಾ!

ಅವತ್ತು ನಾನು ಮಾತಾಡಲಿಲ್ಲ. ಇವತ್ತು ಮಾತಾಡ್ತೇನೆ. ಸ್ವಲ್ಪ ಉದ್ದ ಉಂಟು, ಸೇವ್ ಮಾಡಿಟ್ಟು ಓದಿ.

2/7

"ಸಣ್ಣದರಲ್ಲೇ ಒಂದು ಆಟ ಹಿಡಿದವರು ಮಾತ್ರ ಮೇಲೆ ಬರೋದು" ಅನ್ನುವವರಿಗೆ ನಮ್ಮೂರಿನದೇ ಉತ್ತರ ಇದೆ. ವಂಡ್ಸೆ ಬದಿಯ ಗುರುರಾಜ ಪೂಜಾರಿ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತದ ಮೊದಲ ಪದಕ ಅದು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದಲ್ಲಿ 269 ಕೆ.ಜಿ. ಎತ್ತಿ ಕಂಚು.

ಆದರೆ ಅವರು ಶುರು ಮಾಡಿದ್ದು ವೇಟ್‌ಲಿಫ್ಟಿಂಗ್‌ನಿಂದ ಅಲ್ಲ. 2008ರ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಪದಕ ಗೆದ್ದದ್ದನ್ನು ನೋಡಿ ಕುಸ್ತಿಗೆ ಇಳಿದ ಹುಡುಗ ಅವರು. ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಹೋದ ಮೇಲೆ ಅವರ ಕೈಗೆ ಬಾರ್‌ಬೆಲ್ ಬಂತು. 13ನೇ ವಯಸ್ಸಲ್ಲಿ ಯಾರಾದರೂ "ಇನ್ನು ಆಟ ಬದಲಿಸುವ ಹಾಗಿಲ್ಲ" ಅಂದಿದ್ರೆ ಆ ಪದಕ ಎಲ್ಲಿರ್ತಿತ್ತು?

ಜೆಮಿಮಾ ರೋಡ್ರಿಗಸ್ ಗೊತ್ತಲ್ಲ? 2025ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಮೇಲೆ ಅಜೇಯ 127. ಮಹಾರಾಷ್ಟ್ರದ ಕಿರಿಯರ ತಂಡದಲ್ಲಿ ಹಾಕಿ ಆಡಿಕೊಂಡೇ ಕ್ರಿಕೆಟ್ ಕಲಿತವಳು.

ಇಬ್ಬರು ಗೆದ್ದ ಮಾತ್ರಕ್ಕೆ ಎಲ್ಲ ಸಾಬೀತಾಗಲ್ಲ, ಒಪ್ತೇನೆ. ಆದರೆ ಮಕ್ಕಳ ವೈದ್ಯರ ಮಾತೂ ಅದೇ. ಅಮೆರಿಕದ ಮಕ್ಕಳ ವೈದ್ಯರ ಸಂಘ ಎಎಪಿ 2016ರಲ್ಲಿ ಹೇಳಿದ್ದು: 15-16 ವರ್ಷದವರೆಗೆ ಒಂದೇ ಆಟಕ್ಕೆ ಕಟ್ಟಿಹಾಕಬೇಡಿ. ಹಲವು ಆಟ ಆಡಿದ ಮಕ್ಕಳಿಗೆ ಗಾಯ ಕಡಿಮೆ, ಬೇಸತ್ತು ಆಟ ಬಿಡೋದೂ ಕಡಿಮೆ.

3/7

ಇಲ್ಲಿಗೇ ನಿಲ್ಲಿಸಿದ್ರೆ ನನಗೆ ಸುಲಭ. "ಮಕ್ಕಳು ಎಲ್ಲ ಆಟ ಆಡಲಿ" ಅಂತ ಬರೆದು ಲೈಕ್ ತಗೊಳ್ಳಬಹುದಿತ್ತು. ಆದರೆ ನಾನೂ ಎಲ್ಲ ಆಟ ಆಡಿದವಳೇ.

ಫಸ್ಟ್ ಪಿಯುಸಿ, ನವರಾತ್ರಿ ಸಮಯ. ಶುಕ್ರವಾರ ರಾತ್ರಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ. ನಮ್ಮ ಫೈನಲ್ ಮುಗಿಯುವಾಗ ಗಂಟೆ ಎರಡೂವರೆ. ಬೆಳಿಗ್ಗೆ ಒಂಬತ್ತಕ್ಕೆ ತಾಲೂಕು ಮಟ್ಟದ ಕ್ರೀಡಾಕೂಟ. 400 ಮೀಟರ್ ಓಡಿದೆ, ರಿಲೇ ಓಡಿದೆ. ಮಧ್ಯಾಹ್ನ ತ್ರೋಬಾಲ್. ಎರಡನೇ ಸೆಟ್‌ನಲ್ಲಿ ಹಾರಿ ಕೆಳಗೆ ಬರುವಾಗ ಎಡಗಾಲು ತಿರುಗಿತು. ಟಪ್ ಅಂತ ಸದ್ದು. ನೋವಿಗಿಂತ ಮೊದಲು ಸದ್ದು ಕೇಳಿದ್ದು ನೆನಪು.

ಎಸಿಎಲ್ ಹರಿದಿತ್ತು. ಆಪರೇಷನ್ ಆಯ್ತು. ಅಪ್ಪಯ್ಯ ಸೊಸೈಟಿಯಲ್ಲಿ ಸಾಲ ಮಾಡಿದ್ರು. ಒಂಬತ್ತು ತಿಂಗಳು ಬಿಟ್ಟು ಓಡಬಹುದು ಅಂದಿದ್ರು ಡಾಕ್ಟರ್. ಓಡಿದೆ, ಆದರೆ ಹಾರಲಿಕ್ಕೆ ಇವತ್ತಿಗೂ ಹೆದರಿಕೆ.

ಯಾರ ಮೇಲೂ ದೂರು ಹಾಕ್ಲಿಕ್ಕೆ ಹೇಳ್ತಾ ಇಲ್ಲ. ಎಲ್ಲರೂ ಕೇಳಿದ್ದು ಒಂದೇ ಮಾತು: "ಒಂದೇ ಮ್ಯಾಚ್ ಅಲ್ದಾ, ಬಾ ಮಾರಾಯ್ತಿ." ಕಬಡ್ಡಿಯವರಿಗೆ ಅದು ಒಂದೇ ಪಂದ್ಯಾಟ. ಅಥ್ಲೆಟಿಕ್ಸ್‌ನವರಿಗೆ ಒಂದೇ ದಿನ. ತ್ರೋಬಾಲ್‌ನವರಿಗೆ ಒಂದೇ ಮ್ಯಾಚ್. ಹೂಂ ಅಂದದ್ದು ನಾನು. ಎಲ್ಲ ಸೇರಿ ಎಷ್ಟಾಯ್ತು ಅಂತ ಕೂಡಿಸಿದವರು ಮಾತ್ರ ಯಾರೂ ಇಲ್ಲ.

4/7

ನಾನು ಬಿಕಾಂ. ಕಾಸ್ಟ್ ಅಕೌಂಟಿಂಗ್‌ನಲ್ಲಿ ಒಬ್ಬ ಕೆಲಸಗಾರ ಒಂದೇ ದಿನ ಮೂರು ಜಾಬ್‌ಗೆ ದುಡಿದರೆ ಮೂರೂ ಕಡೆಯ ಗಂಟೆ ಕೂಡಿಸಿ ಹಾಜರಿಗೆ ತಾಳೆ ನೋಡ್ತೇವೆ. ಯಂತ್ರಕ್ಕೂ ವರ್ಷ ವರ್ಷ ಸವಕಳಿ ಬರೀತೇವೆ. 14 ವರ್ಷದ ಹುಡುಗಿಯ ಮೊಣಕಾಲಿಗೆ ಯಾವ ಪುಸ್ತಕವೂ ಇಲ್ಲ.

ನಮ್ಮ ಬದಿಯ ಕ್ಯಾಲೆಂಡರ್ ಕಾಣಿ. ಆಗಸ್ಟ್‌ನಿಂದ ನವೆಂಬರ್ ವಲಯ, ತಾಲೂಕು, ಜಿಲ್ಲೆ ಅಂತ ಶಾಲಾ ಕೂಟಗಳು. ಅರ್ಧ ಮಳೆಯಲ್ಲಿ, ಕೆಸರು ಗದ್ದೆ ಹಾಗಿರೋ ಮೈದಾನದಲ್ಲಿ. ದೀಪಾವಳಿ ಕಳೆದರೆ ಮೇವರೆಗೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೊನಲು ಬೆಳಕಿನ ಪಂದ್ಯಾಟಗಳು. ಚೆನ್ನಾಗಿ ಆಡುವ ಮಗುವಿಗೆ ರಜೆ ಕೊಡೋದು ಜೂನ್ ತಿಂಗಳ ಮಳೆ ಮಾತ್ರ. ಎಎಪಿ ಹೇಳೋದು ವಾರಕ್ಕೆ ಒಂದೆರಡು ದಿನ ಬಿಡುವು, ವರ್ಷದಲ್ಲಿ ಒಟ್ಟು ಮೂರು ತಿಂಗಳು ತನ್ನ ಆಟದಿಂದ ದೂರ.

ಇನ್ನೊಂದು ವಿಷಯ. ಕಬಡ್ಡಿ, ವಾಲಿಬಾಲ್, ತ್ರೋಬಾಲ್, ಹೈಜಂಪ್ ಹೆಸರಿಗೆ ನಾಲ್ಕು ಆಟ. ಹಾರೋದು, ಇಳಿಯೋದು, ಥಟ್ಟನೆ ತಿರುಗೋದು, ಎಲ್ಲ ಬೀಳೋದು ಅದೇ ಮೊಣಕಾಲಿನ ಮೇಲೆ. ಹುಡುಗಿಯರಿಗೆ ಎಸಿಎಲ್ ಹರಿಯುವ ಅಪಾಯ ಹುಡುಗರಿಗಿಂತ ಜಾಸ್ತಿ ಬೇರೆ. ಆಟ ಬದಲಾದ ಮಾತ್ರಕ್ಕೆ ವಿಶ್ರಾಂತಿ ಸಿಗಲ್ಲ.

5/7

ಹಾಗಾದ್ರೆ ವಾಲಿಬಾಲ್‌ನವರು ಹೇಳಿದ್ದೇ ಸರಿ, ಒಂದನ್ನು ಬಿಡಲಿ ಅಂತೀರಾ? ಅಲ್ಲ.

7ನೇ ಕ್ಲಾಸ್‌ವರೆಗೆ ಇದೇ ಮಗುವನ್ನು ಎಲ್ಲ ಟೀಮಿಗೂ ಹಾಕ್ತಾರೆ. ಯಾಕೆ? ಶಾಲೆಯಲ್ಲಿ ಚೆನ್ನಾಗಿ ಆಡುವವರು ಹತ್ತೇ ಜನ, ಸಮಗ್ರ ಪ್ರಶಸ್ತಿ ಬೇಕು. 8ನೇ ಕ್ಲಾಸ್‌ಗೆ ಬಂದಾಗ "ನಮ್ಮ ಆಟ ಮಾತ್ರ" ಅಂತಾರೆ. ಯಾಕೆ? ಟೀಮ್ ಜಿಲ್ಲೆಗೆ ಹೋಗಬೇಕು. ನಿನ್ನೆ ಎಲ್ಲ ಆಡು ಅಂದದ್ದೂ ಟ್ರೋಫಿಗೆ, ಇವತ್ತು ಒಂದೇ ಆಡು ಅನ್ನೋದೂ ಟ್ರೋಫಿಗೆ. ಎರಡು ಸಲವೂ ಮಗುವಿನ ದೇಹದ ಬಗ್ಗೆ ಮಾತೇ ಬರಲಿಲ್ಲ. ನನ್ನ ಜಗಳ ಇರೋದು ಇದರ ಮೇಲೆ.

6/7

ನೀವು ಕಾಮೆಂಟಲ್ಲಿ ಏನು ಹೇಳ್ತೀರಿ ಅಂತ ಗೊತ್ತು.

"ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು, ಹಾಸ್ಟೆಲ್ ಸಿಗೋದು ಒಂದೇ ಆಟ ಗಟ್ಟಿ ಇದ್ದವರಿಗೆ." ನಿಜ. ನಮ್ಮಂಥ ಮನೆಗೆ ಅದು ಸಣ್ಣ ವಿಷಯ ಅಲ್ಲ. ಆದರೆ ಆ ಸೀಟಿನ ಮಾತು ಹೆಚ್ಚಾಗಿ ಬರೋದು ಪಿಯುಸಿ, ಡಿಗ್ರಿಗೆ. ಅಷ್ಟರಲ್ಲಿ 16 ದಾಟಿರುತ್ತೆ, ಆಗ ಒಂದನ್ನು ಆರಿಸಲಿ. ಕಾಲು ಹೋದವಳಿಗೆ ಯಾವ ಕೋಟಾವೂ ಇಲ್ಲ.

"ಜಿಮ್ನಾಸ್ಟಿಕ್ಸ್‌ನಲ್ಲಿ ಸಣ್ಣದರಿಂದಲೇ ಒಂದೇ ಆಟ." ಹೌದು, ಅದು ಬೇರೆ ಲೆಕ್ಕ. ನಮ್ಮ ಮಕ್ಕಳು ಆಡೋದು ವಾಲಿಬಾಲ್.

"ಆಡದಿದ್ರೆ ಮೊಬೈಲ್ ಹಿಡ್ಕಂಡ್ ಕೂಕಂತ್ರ್." ಆಡಬೇಡಿ ಅಂತ ನಾನೆಲ್ಲಿ ಹೇಳಿದೆ?

"ಪಿ.ಟಿ. ಮಾಷ್ಟ್ರು ಒಬ್ಬರೇ, ಎಷ್ಟು ಮಕ್ಕಳನ್ನು ಕಾಣುದು?" ಇದೊಂದು ನಿಜವಾದ ಕಷ್ಟ. ಅದಕ್ಕೇ ಕೊನೆಯ ಭಾಗ.

7/7

40 ರೂಪಾಯಿಯ ಒಂದು ನೋಟ್‌ಬುಕ್ ಸಾಕು. ಮಗುವಿನ ಬ್ಯಾಗಲ್ಲೇ ಇರಲಿ. ಯಾವ ದಿನ ಯಾವ ಆಟ, ಎಷ್ಟು ಗಂಟೆ, ಎಲ್ಲಿ ನೋವು. ಯಾವ ಕೋಚ್ ಕರೆದರೂ ಮೊದಲು ಆ ಪುಟ ನೋಡಬೇಕು. ವಾರದ ಒಟ್ಟು ಗಂಟೆ ಮಗುವಿನ ವಯಸ್ಸು ದಾಟಬಾರದು: 13 ವರ್ಷ ಅಂದ್ರೆ 13 ಗಂಟೆ. ಮ್ಯಾಚೂ ಅದರಲ್ಲೇ ಸೇರಬೇಕು. ವಾರಕ್ಕೆ ಒಂದು ದಿನ ಪೂರ್ತಿ ರಜೆ. ರಾತ್ರಿ ಆಡಿದ ಮಗುವನ್ನು ಬೆಳಿಗ್ಗೆ ಟ್ರ್ಯಾಕಿಗೆ ಇಳಿಸಬಾರದು. ಪಂದ್ಯಾಟ ಮಾಡುವ ಯುವಕ ಮಂಡಲದ ಅಣ್ಣಂದಿರೇ, ಮಕ್ಕಳ ಮ್ಯಾಚ್ ಹತ್ತು ಗಂಟೆಯೊಳಗೆ ಮುಗಿಸಿ. ಸನ್ಮಾನ, ಭಾಷಣ ಬೇಕಾದ್ರೆ ಆಮೇಲೆ ಬೆಳಗಾಗುವವರೆಗೆ ಮಾಡಿ.

ಸೋಮವಾರ ತಂಗಿ ಜೊತೆ ನಾನೇ ಹೋಗ್ತೇನೆ. ವಾಲಿಬಾಲ್ ಮೂರು ದಿನ, ಹೈಜಂಪ್ ಎರಡು ದಿನ, ಭಾನುವಾರ ಮನೆ. ಇದಕ್ಕೆ ಒಪ್ಪಿದ್ರೆ ಆಡ್ತಾಳೆ. ಒಪ್ಪದಿದ್ರೆ ಟೀಮ್ ತಪ್ಪಬಹುದು, ಅದು ಅವಳಿಗೂ ಗೊತ್ತು. ನಿನ್ನೆ ರಾತ್ರಿ ಕೇಳಿದೆ, "ಬೇಜಾರಾ?" ಅಂತ. "ಹೈಜಂಪ್ ಬಿಟ್ರೆ ಜಾಸ್ತಿ ಬೇಜಾರ್" ಅಂದ್ಳು.

ಅಪ್ಪಯ್ಯನಿಗೂ ಹೇಳಿದ್ದೇನೆ: ದೋಣಿ ಎರಡಿದ್ದರೆ ಒಂದನ್ನು ಸುಡಬೇಕು ಅಂತಿಲ್ಲ, ಇವತ್ತು ಒಂದು, ನಾಳೆ ಒಂದು ಹತ್ತಿದ್ರಾಯ್ತು.

ನಿಮ್ಮ ಮನೆಯ ಮಗು ಕಳೆದ ವಾರ ಎಷ್ಟು ಗಂಟೆ ಆಡಿತು? ಕೂಡಿಸಿ ಕಾಮೆಂಟಲ್ಲಿ ಬರೀರಿ. ಗೊತ್ತಿಲ್ಲ ಅಂದ್ರೆ ಹಾಗೇ ಬರೀರಿ. ನಿಮ್ಮ ಪಿ.ಟಿ. ಮಾಷ್ಟ್ರನ್ನು ಟ್ಯಾಗ್ ಮಾಡಿ, ಬೈಲಿಕ್ಕೆ ಅಲ್ಲ, ಓದಲಿಕ್ಕೆ.

#ಕುಂದಾಪುರ #ಬೈಂದೂರು #ಬ್ರಹ್ಮಾವರ #ಲೆಕ್ಕಇಡಿ