ಹತ್ತು ನಿಮಿಷ ಮೊದಲೇ ಹೊರಟರೆ

ಶಾಲಾ ಮಕ್ಕಳಿರುವ ಮನೆಗಳಲ್ಲಿ ಬೆಳಗಿನ ಎಂಟು, ಎಂಟೂವರೆ ಗಂಟೆಯ ಹೊತ್ತಿಗೆ ಹೆಚ್ಚಾಗಿ ಕೇಳಿಬರುವ ಮಾತು ‘ಬೇಗ, ಬೇಗ’ ಎಂಬುದು. ತಿಂಡಿ ಬೇಗ, ಬೂಟು ಬೇಗ, ಬಸ್ಸು ತಪ್ಪೀತು ಬೇಗ! ಹಿಂದಿನ ರಾತ್ರಿ ‘ಕಷ್ಟದಲ್ಲಿರುವವರಿಗೆ ನೆರವಾಗಬೇಕು ಮಗು’ ಎಂದು ಕಥೆ ಹೇಳಿ ಮಲಗಿಸಿದ ಹಿರಿಯರೇ ಬೆಳಗಾದೊಡನೆ ಮಗುವನ್ನು ಹೀಗೆ ಓಡಿಸುತ್ತಾರೆ. ದಾರಿಯಲ್ಲಿ ಯಾರಿಗೋ ನೆರವು ಬೇಕಾಯಿತು ಎನ್ನಿ. ಆಗ ಗೆಲ್ಲುವುದು ರಾತ್ರಿಯ ಕಥೆಯೋ, ಬೆಳಗಿನ ಅವಸರವೋ? ಈ ಪ್ರಶ್ನೆಯನ್ನು ಇಬ್ಬರು ಮನೋವಿಜ್ಞಾನಿಗಳು ಪ್ರಯೋಗದ ಮೂಲಕವೇ ಪರೀಕ್ಷಿಸಿ ನೋಡಿದ್ದಾರೆ.

ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಕ್ರೈಸ್ತ ಧರ್ಮಶಾಸ್ತ್ರವನ್ನು ಕಲಿಸುವ ವಿದ್ಯಾಲಯವೊಂದಿದೆ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬವರು ಅಲ್ಲಿನ 40 ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದ ವರದಿ 1973ರಲ್ಲಿ ಪ್ರಕಟವಾಯಿತು. ಪ್ರತಿ ವಿದ್ಯಾರ್ಥಿಯೂ ಒಂದು ಕಟ್ಟಡದಿಂದ ಇನ್ನೊಂದು ಕಟ್ಟಡಕ್ಕೆ ಹೋಗಿ ಪುಟ್ಟ ಭಾಷಣ ಮಾಡಬೇಕಿತ್ತು. ಅರ್ಧದಷ್ಟು ಮಂದಿಗೆ ಕೊಟ್ಟ ವಿಷಯ ಬೈಬಲ್ಲಿನ ‘ಒಳ್ಳೆಯ ಸಮಾರ್ಯ’ದ ಕಥೆ. ಕಳ್ಳರಿಂದ ಪೆಟ್ಟು ತಿಂದು ದಾರಿಯಲ್ಲಿ ಬಿದ್ದಿದ್ದವನನ್ನು ಇಬ್ಬರು ಧಾರ್ಮಿಕರು ನೋಡಿಯೂ ನೋಡದಂತೆ ದಾಟಿಹೋಗುತ್ತಾರೆ. ಸಮಾರ್ಯದ ಪ್ರಯಾಣಿಕನೊಬ್ಬ ನಿಂತು, ಗಾಯಕ್ಕೆ ಕಟ್ಟು ಹಾಕಿ, ಛತ್ರಕ್ಕೆ ಕರೆದೊಯ್ದು ಉಪಚರಿಸುತ್ತಾನೆ. ಉಳಿದರ್ಧ ಮಂದಿಗೆ ಕೊಟ್ಟ ವಿಷಯ ಓದು ಮುಗಿದ ಮೇಲೆ ಸಿಗುವ ಉದ್ಯೋಗಗಳ ಬಗ್ಗೆ.

ಹೊರಡುವಾಗ ಕೆಲವರಿಗೆ ‘ನಿಧಾನವಾಗಿ ಹೋಗಿ, ಇನ್ನೂ ಸಮಯವಿದೆ’ ಎಂದೂ, ಕೆಲವರಿಗೆ ‘ಸರಿಯಾದ ಹೊತ್ತು, ಹೊರಡಿ’ ಎಂದೂ, ಇನ್ನು ಕೆಲವರಿಗೆ ‘ಅಯ್ಯೋ, ತಡವಾಯಿತು! ಅಲ್ಲಿ ಕಾಯುತ್ತಿದ್ದಾರೆ’ ಎಂದೂ ಹೇಳಲಾಯಿತು. ದಾರಿಯ ಓಣಿಯಲ್ಲಿ ಒಬ್ಬ ಮನುಷ್ಯ ಬಾಗಿಲಿಗೊರಗಿ, ತಲೆ ಜೋಲಿಸಿ, ಕಣ್ಣು ಮುಚ್ಚಿ ಕುಸಿದು ಕುಳಿತಿದ್ದ. ವಿದ್ಯಾರ್ಥಿ ಹತ್ತಿರ ಬಂದಾಗ ಕೆಮ್ಮಿ ನರಳಿದ. ಅವನು ನಟಿಸುತ್ತಿದ್ದಾನೆಂಬುದು ವಿದ್ಯಾರ್ಥಿಗಳಿಗೆ ತಿಳಿದಿರಲಿಲ್ಲ.

ಸಮಯವಿದ್ದವರಲ್ಲಿ ಶೇಕಡಾ 63ರಷ್ಟು ಮಂದಿ ಯಾವುದಾದರೊಂದು ರೀತಿಯಲ್ಲಿ ನೆರವಿಗೆ ಬಂದರು. ಮಧ್ಯದ ಗುಂಪಿನಲ್ಲಿ ಶೇಕಡಾ 45. ತಡವಾಯಿತೆಂದು ಓಡುತ್ತಿದ್ದವರಲ್ಲಿ ಕೇವಲ ಶೇಕಡಾ 10! ಭಾಷಣದ ವಿಷಯದಿಂದ ಗಮನಾರ್ಹ ವ್ಯತ್ಯಾಸವೇನೂ ಕಂಡುಬರಲಿಲ್ಲ. ಕರುಣೆಯ ಕಥೆಯ ಮೇಲೆ ಮಾತನಾಡಲು ಹೊರಟಿದ್ದ ಕೆಲವರೇ ನರಳುತ್ತಿದ್ದವನನ್ನು ದಾಟಿ ನಡೆದಿದ್ದರು.

ಅವರು ಕಲ್ಲೆದೆಯವರೇ? ಅಲ್ಲ. ನಿಲ್ಲದೆ ಹೋದವರಲ್ಲಿ ಕೆಲವರು ಭಾಷಣದ ಕೋಣೆಗೆ ಬಂದಾಗ ಕಳವಳಗೊಂಡಿದ್ದರೆಂದು ಸಂಶೋಧಕರು ಬರೆದಿದ್ದಾರೆ. ಅತ್ತ ಕಾಯುತ್ತಿರುವವರು, ಇತ್ತ ನರಳುತ್ತಿರುವವನು. ಇಬ್ಬರ ನಡುವೆ ಅವರು ಸಿಕ್ಕಿಬಿದ್ದಿದ್ದರು. ಅವಸರದಲ್ಲಿ ಮನುಷ್ಯನ ಗಮನವೂ ಕಿರಿದಾಗುತ್ತದೆ. ಕಣ್ಣಿಗೆ ಬಿದ್ದದ್ದೆಲ್ಲ ಮನಸ್ಸಿಗೆ ತಾಗುವುದಿಲ್ಲ. 40 ಜನರ ಪ್ರಯೋಗ ಚಿಕ್ಕದು, ಇದರಿಂದಲೇ ಮನುಕುಲದ ಬಗ್ಗೆ ತೀರ್ಪು ಕೊಡಲಾಗದು ಎಂಬುದು ನಿಜ. ಆದರೂ ಒಳ್ಳೆಯ ಮನಸ್ಸಿನ ಜೊತೆಗೆ ಒಂದಿಷ್ಟು ಪುರುಸೊತ್ತೂ ಬೇಕು ಎಂಬ ಎಚ್ಚರಿಕೆಯನ್ನು ಅದು ಕೊಡುತ್ತದೆ.

ಎಷ್ಟು ಪುರುಸೊತ್ತು? ಲೆಕ್ಕ ಹಾಕಿ ನೋಡಬಹುದು. ಓದು ಬಾರದ ಅಜ್ಜಿಗೆ ಬಸ್ಸಿನ ಬೋರ್ಡು ಓದಿ ಹೇಳಲು ಹತ್ತು ಸೆಕೆಂಡು. ರಸ್ತೆಯಲ್ಲಿ ಬಿದ್ದ ಕಲ್ಲನ್ನು ಬದಿಗೆ ಸರಿಸಲು ಅರ್ಧ ನಿಮಿಷ. ಕಣ್ಣು ಕಾಣದವರೊಬ್ಬರನ್ನು, ಅವರ ಒಪ್ಪಿಗೆ ಕೇಳಿ, ರಸ್ತೆ ದಾಟಿಸಲು ಎರಡು ನಿಮಿಷ. ಜ್ವರ ಬಂದು ಶಾಲೆ ತಪ್ಪಿಸಿಕೊಂಡ ಗೆಳತಿಗೆ ನಿನ್ನೆಯ ಲೆಕ್ಕವನ್ನು ತಿಳಿಸಿಕೊಡಲು ಒಂದು ಬಿಡುವಿನ ವೇಳೆ ಸಾಕು. ಇವು ಯಾವುವಕ್ಕೂ ಹಣ ಬೇಕಿಲ್ಲ.

‘ಇಷ್ಟು ಸಣ್ಣದರಿಂದ ಏನಾದೀತು?’ ಎಂಬ ಸಂಕೋಚವೂ ಅನೇಕರನ್ನು ತಡೆಯುತ್ತದೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಷಿಕಾಗೊ ನಗರದ ಉದ್ಯಾನವೊಂದರಲ್ಲಿ ಚಳಿಗಾಲದಲ್ಲಿ ಜನ ಮಂಜುಗಡ್ಡೆಯ ಮೇಲೆ ಜಾರುವ ಆಟವಾಡುತ್ತಾರೆ. ಅಲ್ಲಿಗೆ ಬಂದವರ ಕೈಗೆ ಒಂದು ಲೋಟ ಬಿಸಿ ಚಾಕೊಲೇಟ್ ಪಾನೀಯ ಕೊಟ್ಟು, ಬೇಕಾದರೆ ನೀವೇ ಕುಡಿಯಿರಿ, ಇಲ್ಲವೇ ಅಪರಿಚಿತರೊಬ್ಬರಿಗೆ ಕೊಡಿ ಎಂದರು. ಕೊಟ್ಟವರನ್ನು ‘ಅವರಿಗೆ ಎಷ್ಟು ಸಂತೋಷವಾಗಿರಬಹುದು?’ ಎಂದೂ, ಪಡೆದವರನ್ನು ‘ನಿಮಗೆ ಎಷ್ಟು ಸಂತೋಷವಾಯಿತು?’ ಎಂದೂ ಬೇರೆಬೇರೆಯಾಗಿ ಕೇಳಿದರು. ಪಡೆದವರ ಸಂತೋಷ ಕೊಟ್ಟವರ ಅಂದಾಜಿಗಿಂತ ಹೆಚ್ಚಾಗಿಯೇ ಇತ್ತು. ಕೊಡುವವನು ಲೋಟದಲ್ಲಿರುವ ವಸ್ತುವಿನ ಬೆಲೆಯನ್ನಷ್ಟೇ ಲೆಕ್ಕಹಾಕುತ್ತಾನೆ. ಪಡೆಯುವವನಿಗೆ ‘ಯಾರೋ ನನ್ನನ್ನು ನೆನೆದರು’ ಎಂಬ ಭಾವವೂ ಸೇರಿ ಸಿಗುತ್ತದೆ. ಅದೇ ಅಧ್ಯಯನದ ಮತ್ತೊಂದು ಪ್ರಯೋಗದಲ್ಲಿ, ಹೀಗೆ ಅನಿರೀಕ್ಷಿತವಾಗಿ ದಯೆ ಪಡೆದವರು ಬೇರೊಬ್ಬ ಅಪರಿಚಿತರಿಗೆ ಹೆಚ್ಚು ಉದಾರವಾಗಿ ಹಂಚಿದ್ದೂ ಕಂಡುಬಂದಿತು.

ಕೆಲವೊಮ್ಮೆ ಎರಡು ನಿಮಿಷದ ಬೆಲೆ ಒಂದು ಪ್ರಾಣವೂ ಆದೀತು. ರಸ್ತೆ ಅಪಘಾತವಾದಾಗ ಅವಸರದ ಜೊತೆಗೆ ಪೊಲೀಸು, ಕೋರ್ಟು ಎಂಬ ಹೆದರಿಕೆಯೂ ಜನರನ್ನು ದೂರ ನಿಲ್ಲಿಸುತ್ತದೆ. ಈ ಹೆದರಿಕೆ ಈಗ ಬೇಡ. ಗಾಯಾಳುಗಳಿಗೆ ನೆರವಾಗುವವರ ರಕ್ಷಣೆಗಾಗಿ ಕೇಂದ್ರ ಸರ್ಕಾರ ರೂಪಿಸಿದ್ದ ಮಾರ್ಗಸೂಚಿಗಳನ್ನು ಸುಪ್ರೀಂ ಕೋರ್ಟ್ 2016ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ 134ಎ ಎಂಬ ಹೊಸ ಕಲಂ ಸೇರಿತು. ಸದುದ್ದೇಶದಿಂದ, ಪ್ರತಿಫಲ ಬಯಸದೆ ನೆರವಾದವರ ಮೇಲೆ ಗಾಯಾಳುವಿಗಾದ ಹಾನಿಗಾಗಿ ಮೊಕದ್ದಮೆ ಹೂಡುವಂತಿಲ್ಲ. 2020ರ ನಿಯಮಗಳ ಪ್ರಕಾರ ಅವರ ಹೆಸರು, ವಿಳಾಸಕ್ಕಾಗಿ ಒತ್ತಾಯಿಸುವಂತೆಯೂ ಇಲ್ಲ. ಕಾನೂನು ಇಂಥವರಿಗೆ ಕೊಟ್ಟಿರುವ ಹೆಸರು ‘ಗುಡ್ ಸಮಾರಿಟನ್’. ಅಂದರೆ ಬೈಬಲ್ಲಿನ ಕಥೆಯ ಆ ಪ್ರಯಾಣಿಕನದೇ ಹೆಸರು.

ಮಕ್ಕಳು ಇಂಥ ಸಂದರ್ಭದಲ್ಲಿ ರಸ್ತೆಯ ನಡುವೆ ಓಡಬಾರದು. ಸುರಕ್ಷಿತ ಜಾಗದಲ್ಲಿ ನಿಂತು ಹಿರಿಯರನ್ನು ಕೂಗಿ ಕರೆಯುವುದು, 108 ಅಥವಾ 112ಕ್ಕೆ ಫೋನ್ ಮಾಡಿಸಿ ಸ್ಥಳದ ಗುರುತನ್ನು ಸರಿಯಾಗಿ ಹೇಳುವುದು, ಇಷ್ಟೇ ದೊಡ್ಡ ಸೇವೆ. ದೊಡ್ಡವರು ರಕ್ತ ಸುರಿಯುವ ಗಾಯವನ್ನು ಶುಭ್ರವಾದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಬಹುದು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಅದು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟಬಹುದು. ಬೆಂಕಿಯಂಥ ಅಪಾಯ ಹತ್ತಿರವಿಲ್ಲದಿದ್ದರೆ, ಕುತ್ತಿಗೆ ಬೆನ್ನಿಗೆ ಪೆಟ್ಟಾಗಿರಬಹುದಾದವರನ್ನು ಎಳೆದಾಡುವುದೂ ಸಲ್ಲದು.

ಕರುಣೆಯ ಕಥೆಗಳನ್ನು ಹೇಳುವುದನ್ನು ಯಾರೂ ನಿಲ್ಲಿಸಬೇಕಾಗಿಲ್ಲ. ಅದರ ಜೊತೆಗೆ ಮನೆಯ ಗಡಿಯಾರವನ್ನೂ ಒಮ್ಮೆ ನೋಡಬೇಕು. ಪುಸ್ತಕದ ಚೀಲವನ್ನು ರಾತ್ರಿಯೇ ಜೋಡಿಸಿಟ್ಟರೆ ಬೆಳಿಗ್ಗೆ ಹತ್ತು ನಿಮಿಷ ಮೊದಲೇ ಹೊರಡುವುದು ಕಷ್ಟವಲ್ಲ. ಆ ಹತ್ತು ನಿಮಿಷ ಹೆಚ್ಚಿನ ದಿನಗಳಲ್ಲಿ ಯಾರಿಗೂ ಬೇಕಾಗದೆ ಉಳಿದೀತು. ಬೇಕಾದ ದಿನ ಮಾತ್ರ ಅದು ಮಗುವಿನ ಬಳಿ ಇರಲೇಬೇಕು.

ಹಾಗಿದ್ದೂ ಮಗು ಒಂದು ದಿನ ತಡವಾಗಿ ಬಂತೆನ್ನಿ. ಗದರುವ ಮುನ್ನ ತಂದೆ ತಾಯಿಯಾಗಲಿ, ತರಗತಿಯ ಶಿಕ್ಷಕರಾಗಲಿ ‘ಏಕೆ ತಡವಾಯಿತು?’ ಎಂದು ಕೇಳಿ, ಉತ್ತರ ಮುಗಿಯುವವರೆಗೂ ಕಾಯಬೇಕು. ದಾರಿಯಲ್ಲಿ ಯಾರದೋ ತರಕಾರಿ ಬುಟ್ಟಿ ಉರುಳಿತ್ತು, ಆರಿಸಿಕೊಟ್ಟು ಬಂದೆ ಎಂದು ಹೇಳಿದ ಮಗುವಿಗೆ ಅಂದು ಶಿಕ್ಷೆಯಾದರೆ, ಮರುದಿನ ಅದು ನಿಲ್ಲುವುದಿಲ್ಲ.